ತಿಂಗಳ ತಿಂಗಳ ಬರ್ತಿತ್ತಲ್ಲ ಸರ್!

"ತಿಂಗಳ ತಿಂಗಳ ಸರಿಯಾಗಿ ಬರ್ತಿತ್ತಲ್ಲ ಸರ್. ಒಂದು ತಿಂಗಳೂ ತಪ್ಪಿರಲಿಲ್ಲ."

ನನ್ನ ಮೇಜಿನ ಎದುರು ಕೂತು ಈ ಮಾತು ಹೇಳಿದವರು ಎಷ್ಟು ಜನವೋ. ಅಷ್ಟು ಹೊತ್ತಿಗೆ, ಭಾರಿ ಬಡ್ಡಿ ಕೊಡುತ್ತೇವೆ ಅಂತ ಅವರಿಂದ ದುಡ್ಡು ತೆಗೆದುಕೊಂಡ ಕಂಪನಿ ಬಾಗಿಲು ಹಾಕಿರುತ್ತದೆ. ಏಜೆಂಟ್ ಫೋನ್ ಎತ್ತುತ್ತಿರುವುದಿಲ್ಲ. ಕೈಯಲ್ಲಿ ಒಂದು ಬಾಂಡ್ ಪೇಪರ್, ಇಲ್ಲವೇ ಬೌನ್ಸ್ ಆದ ಚೆಕ್ ಇರುತ್ತದೆ. ಆದರೂ ಮಾತು ಮಾತ್ರ ಅದೇ. ದಾವಣಗೆರೆಯಲ್ಲಿ ಆಡಿಟರ್ ಆಗಿ ಇಪ್ಪತ್ತು ವರ್ಷ ದಾಟಿತು. ಈ ಮಾತು ಕೇಳಿದಾಗ ಆಗುವ ಸಂಕಟ ಇನ್ನೂ ಕಡಿಮೆಯಾಗಿಲ್ಲ. ಅದಕ್ಕೇ ಈ ಸಲ ಟ್ಯಾಕ್ಸು, ಜಿಎಸ್‌ಟಿ ಎಲ್ಲ ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ಹೀಗೆ ದುಡ್ಡು ಕಳೆದುಕೊಂಡವರ ಬಗ್ಗೆ ಊರು ಒಂದೇ ಮಾತಲ್ಲಿ ತೀರ್ಪು ಕೊಟ್ಟುಬಿಡುತ್ತದೆ: ಅತಿ ಆಸೆ ಗತಿ ಕೇಡು. ಗಾದೆ ಸರಿಯೇ. ಆದರೆ ಎಷ್ಟಾದರೆ ಅತಿ? ಅದನ್ನು ಗಾದೆ ಹೇಳುವುದಿಲ್ಲ. ಮೊತ್ತ ನೋಡಿ ಹೇಳಲಿಕ್ಕೂ ಆಗುವುದಿಲ್ಲ ಅನ್ನುವುದು ನನ್ನ ಅನುಭವ. ಕೋಟಿ ರೂಪಾಯಿ ವಹಿವಾಟು ಮಾಡಬೇಕು ಅಂತ ಹೊರಟವರಲ್ಲಿ ದುರಾಸೆಯ ಸುಳಿವೇ ಇರದವರನ್ನು ನೋಡಿದ್ದೇನೆ. ತಿಂಗಳಿಗೆ ಎರಡು ಸಾವಿರ ಜಾಸ್ತಿ ಸಿಗುತ್ತದೆ ಅಂತ ಮಗಳ ಮದುವೆಯ ಇಡುಗಂಟನ್ನೇ ಎತ್ತಿ ಕೊಟ್ಟವರನ್ನೂ ನೋಡಿದ್ದೇನೆ.

ನನ್ನ ಹತ್ತಿರ ಬರುವ ಒಬ್ಬ ಅಕ್ಕ ಇದ್ದಾರೆ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಮೂರು ಜನ ಹೆಣ್ಣುಮಕ್ಕಳು ಕೈಯಲ್ಲಿ ತಟ್ಟಿ ದಿನಕ್ಕೆ 400 ರೊಟ್ಟಿ ಮಾಡುತ್ತಿದ್ದರು. ಒಂದು ದಿನ ಬಂದು, "ಸರ್, ನನಗೆ ದಿನಕ್ಕೆ ಎರಡು ಸಾವಿರ ರೊಟ್ಟಿ ಮಾಡಬೇಕಾಗೈತಿ. ಮಷೀನ್ ತಗೋತೀನಿ, ಸಾಲ ಕೊಡಿಸ್ರಿ" ಅಂದರು. 400ರಿಂದ 2,000ಕ್ಕೆ! ಕೇಳಿದವರು ಹುಬ್ಬೇರಿಸುವಂಥ ಆಸೆಯೇ. ನಾನೂ ಸ್ವಲ್ಪ ಹಿಂದೆ ಮುಂದೆ ನೋಡಿದೆ.

ಅವರು ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದರು. ಯಾವ ಖಾನಾವಳಿಗೆ ಈಗ ಎಷ್ಟು ಹೋಗುತ್ತದೆ, ಯಾರು ಇನ್ನೂ ಎಷ್ಟು ಕೇಳುತ್ತಿದ್ದಾರೆ, ಕ್ವಿಂಟಾಲ್ ಜೋಳಕ್ಕೆ ಎಷ್ಟು, ಒಂದು ಕೆಜಿ ಹಿಟ್ಟಿಗೆ ಎಷ್ಟು ರೊಟ್ಟಿ, ಕರೆಂಟು ಹೋದ ದಿನ ಏನು ಮಾಡುವುದು. ಎಲ್ಲ ಮಗನ ಕೈಯಲ್ಲಿ ಬರೆಸಿದ್ದರು. ಕೊನೆಯಲ್ಲಿ ಒಂದು ಸಾಲು: "ಮಳೆಗಾಲದಾಗ ಅರ್ಧ." ಅಂದರೆ ಮಳೆಗಾಲದಲ್ಲಿ ರೊಟ್ಟಿ ಸರಿಯಾಗಿ ಒಣಗುವುದಿಲ್ಲ, ಆಗ ಅರ್ಧವೇ ವ್ಯಾಪಾರ ಅಂತ. ಆ ಒಂದು ಸಾಲು ಓದಿ ನನಗೆ ಧೈರ್ಯ ಬಂತು. ನಷ್ಟ ಎಲ್ಲಿಂದ ಬರಬಹುದು ಅಂತ ತಾನೇ ಬರೆದುಕೊಂಡು ಬರುವವರು ಬಹಳ ಕಡಿಮೆ. ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರದ ಯೋಜನೆಯೊಂದಿತ್ತು, 2020ರಲ್ಲಿ ಶುರುವಾದದ್ದು. ಬ್ಯಾಂಕ್ ಸಾಲಕ್ಕೆ ಜೋಡಿಸಿ 35 ಪರ್ಸೆಂಟ್ ಸಬ್ಸಿಡಿ ಸಿಗುತ್ತಿತ್ತು. ಅದಕ್ಕೆ ಕಾಗದಪತ್ರ ಮಾಡಿಕೊಟ್ಟೆ.

ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಲ್ಲಿ ಬಂದ ದುಡ್ಡಿನಲ್ಲಿ 5 ಲಕ್ಷವನ್ನು ಒಂದು ಕಂಪನಿಗೆ ಕೊಟ್ಟರು. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಹೊರಗಿನವರಿಗಾಗಿ ಹೇಳುತ್ತೇನೆ, ನಮ್ಮ ಕಡೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ ಮೂರು ಪರ್ಸೆಂಟ್. ತಿಂಗಳಿಗೆ 15,000 ರೂಪಾಯಿ ಖಾತೆಗೆ ಬಂತು. ಆರು ತಿಂಗಳು ನೋಡಿ ಇನ್ನೂ 5 ಲಕ್ಷ ಹಾಕಿದರು. ಹನ್ನೊಂದನೇ ತಿಂಗಳ ಬಡ್ಡಿ ಬಂದ ಮೇಲೆ ಹೆಂಡತಿಯ ಒಡವೆ ಅಡವಿಟ್ಟು 4 ಲಕ್ಷ. ಹದಿನಾಲ್ಕು ತಿಂಗಳು ಒಂದು ದಿನವೂ ತಡವಾಗದೆ ದುಡ್ಡು ಬಂತು. ಹದಿನೈದನೇ ತಿಂಗಳು ಬರಲಿಲ್ಲ.

ಅವರು ನನ್ನ ಹತ್ತಿರ ಬಂದಾಗ ಕೈಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇತ್ತು. ಸ್ಕೂಲ್ ಮಕ್ಕಳದ್ದೇ, ಗೆರೆ ಹಾಕಿದ್ದು. ಬಂದ ಒಂದೊಂದು ಕಂತಿಗೂ ತಾರೀಖು, ಮೊತ್ತ, ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಗುರುತು. ಪರೀಕ್ಷೆ ಪೇಪರ್ ತಿದ್ದಿದ ಹಾಗೆ. ಅಷ್ಟು ಅಚ್ಚುಕಟ್ಟು. "ನೋಡಿ ಆಡಿಟರೇ, ಹದಿನಾಲ್ಕೂ ಸರಿಯಾಗಿ ಬಂದಿವೆ. ಮೋಸ ಮಾಡೋರಾಗಿದ್ರೆ ಇಷ್ಟು ದಿನ ಕೊಡ್ತಿದ್ರಾ?"

"ಮೇಷ್ಟ್ರೇ, ಕೂಡಿ ಹೇಳಿ. ಒಟ್ಟು ಎಷ್ಟು ಬಂದಿದೆ?" ಅಂದೆ.

ಅವರು ಪೆನ್ನು ತೆಗೆಯಲೂ ಇಲ್ಲ, ಬಾಯಲ್ಲೇ ಹೇಳಿದರು. ಮೊದಲ ಆರು ತಿಂಗಳು 90,000. ಮುಂದಿನ ಐದು ತಿಂಗಳು 30,000ದ ಹಾಗೆ 1,50,000. ಕೊನೆಯ ಮೂರು ತಿಂಗಳು 42,000ದ ಹಾಗೆ 1,26,000. ಒಟ್ಟು 3,66,000.

"ಕೊಟ್ಟಿದ್ದು?"

"ಹದಿನಾಲ್ಕು ಲಕ್ಷ."

"ಹಾಗಾದ್ರೆ ಈ 3,66,000 ಯಾರ ದುಡ್ಡು?"

ಅವರು ತುಂಬಾ ಹೊತ್ತು ಆ ರೈಟ್ ಗುರುತುಗಳನ್ನೇ ನೋಡುತ್ತಾ ಕೂತರು.

ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ನಾನು ಹೇಳಬೇಕಾದ್ದು ಇದೊಂದೇ. ನೀವು 1 ಲಕ್ಷ ಕೊಟ್ಟಿದ್ದೀರಿ. ಕಂಪನಿ ತಿಂಗಳಿಗೆ 3,000 ವಾಪಸ್ ಕೊಡುತ್ತಿದೆ. ಯಾವ ವ್ಯಾಪಾರವನ್ನೂ ಮಾಡದೆ, ಒಂದು ಪೈಸೆಯನ್ನೂ ದುಡಿಯದೆ, ಬರೀ ನಿಮ್ಮ ದುಡ್ಡನ್ನೇ ನಿಮಗೆ ಕೊಡುತ್ತಾ ಆ ಕಂಪನಿ ಎಷ್ಟು ದಿನ ನಡೆಯಬಹುದು? 33 ತಿಂಗಳು. ಹತ್ತಿರ ಹತ್ತಿರ ಮೂರು ವರ್ಷ. ಅಲ್ಲಿಯವರೆಗೂ ಒಂದು ಕಂತೂ ತಪ್ಪುವುದಿಲ್ಲ. ನಡುವೆ ನಿಮ್ಮ ಭಾವಮೈದುನನೂ 1 ಲಕ್ಷ ಹಾಕಿದರೆ ಇನ್ನೂ ದೂರ ಓಡುತ್ತದೆ. ಹದಿನಾಲ್ಕು ತಿಂಗಳು ಸರಿಯಾಗಿ ದುಡ್ಡು ಬಂತು ಅನ್ನುವುದರಿಂದ ಅಲ್ಲಿ ವ್ಯಾಪಾರ ನಡೆಯುತ್ತಿದೆ ಅಂತ ಸಾಬೀತಾಗುವುದಿಲ್ಲ. ನಿಮ್ಮ ಗಂಟು ಇನ್ನೂ ಪೂರ್ತಿ ಖಾಲಿಯಾಗಿಲ್ಲ ಅಂತ ಅಷ್ಟೇ ಗೊತ್ತಾಗುತ್ತದೆ.

ಇನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓದಿದವರಿಗೂ ಇದು ತಲೆಗೆ ಹೋಗುತ್ತಿಲ್ಲ. ನೀವು ನಿಮ್ಮ ಅಕ್ಕಿ ಚೀಲವನ್ನು ಒಬ್ಬನ ಮನೆಯಲ್ಲಿ ಇಟ್ಟಿದ್ದೀರಿ. ಅವನು ಪ್ರತಿ ತಿಂಗಳು ಅದೇ ಚೀಲದಿಂದ ಒಂದು ಸೇರು ಅಕ್ಕಿ ತೆಗೆದು ನಿಮ್ಮ ಮನೆಗೆ ತಂದು ಕೊಡುತ್ತಾನೆ. "ನಿಮ್ಮ ಚೀಲ ಮರಿ ಹಾಕ್ತಿದೆ" ಅನ್ನುತ್ತಾನೆ. ನೀವು ಸಂತೋಷದಿಂದ ಇನ್ನೊಂದು ಚೀಲ ಹೊತ್ತುಕೊಂಡು ಹೋಗುತ್ತೀರಿ. ಒಂದು ದಿನವಾದರೂ ಚೀಲದ ಬಾಯಿ ಬಿಚ್ಚಿ ನೋಡಬೇಡವೇ?

ಇದು ಹೊಸ ಉಪಾಯವೇನೂ ಅಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಅನ್ನುವವನು 45 ದಿನದಲ್ಲಿ 50 ಪರ್ಸೆಂಟ್ ಲಾಭ ಕೊಡುತ್ತೇನೆ ಅಂದ. ಅಂಚೆಯ ಕೂಪನ್‌ಗಳನ್ನು ಒಂದು ದೇಶದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದು ದೇಶದಲ್ಲಿ ಬದಲಾಯಿಸುವ ವ್ಯಾಪಾರ ಅಂತ ಹೇಳಿದ್ದ. ಮೊದಮೊದಲು ಬಂದವರಿಗೆ ಹೇಳಿದ ಹಾಗೇ ಕೊಟ್ಟ. ಹಿಂದಿನವರಿಗೆ ಹೋದದ್ದು ಮುಂದೆ ಬಂದವರ ದುಡ್ಡು. ಬಹಳ ಜನ ಲಾಭವನ್ನು ಮನೆಗೆ ಒಯ್ಯದೆ ಮತ್ತೆ ಅಲ್ಲೇ ಹಾಕಿದರು. ಕೆಲವೇ ತಿಂಗಳಲ್ಲಿ ಎಲ್ಲ ಕುಸಿಯಿತು. ಅವನ ಹೆಸರೇ ಈಗ ಇಂಥ ಸ್ಕೀಮ್‌ಗಳಿಗೆ ನಿಂತಿದೆ. ಹತ್ತಿರ ಹತ್ತಿರ ನೂರು ವರ್ಷ ಆದ ಮೇಲೂ, 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ ಕುಸಿದಾಗ, ಶಿವಾಜಿನಗರದಲ್ಲಿ ದೂರು ಕೊಡಲು ಸಾವಿರಾರು ಜನ ಸಾಲು ನಿಂತಿದ್ದನ್ನು ನಾವೇ ಟಿವಿಯಲ್ಲಿ ನೋಡಿದೆವು.

ಇನ್ನೊಂದು ಲೆಕ್ಕ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36. ಬಡ್ಡಿಯನ್ನು ತೆಗೆಯದೆ ಅಲ್ಲೇ ಬಿಟ್ಟರೆ 1 ಲಕ್ಷ ಹತ್ತು ವರ್ಷದಲ್ಲಿ ಸುಮಾರು 34.7 ಲಕ್ಷ ಆಗಬೇಕು. ಅಷ್ಟು ದುಡಿಯುವ ವ್ಯಾಪಾರ ಕೈಯಲ್ಲಿ ಇರುವವನು ನಿವೃತ್ತ ಮೇಷ್ಟ್ರ 5 ಲಕ್ಷಕ್ಕೆ ಯಾಕೆ ಮನೆ ಬಾಗಿಲಿಗೆ ಬರುತ್ತಾನೆ? ಬ್ಯಾಂಕಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದಲ್ಲ? ಈ ಪ್ರಶ್ನೆಯನ್ನು ಮೇಷ್ಟ್ರು ಅವರ ವಿದ್ಯಾರ್ಥಿಗೆ ಕೊಟ್ಟಿದ್ದರೆ ಅವನು ಎರಡು ನಿಮಿಷದಲ್ಲಿ ಉತ್ತರ ಹೇಳುತ್ತಿದ್ದ. ಮೇಷ್ಟ್ರಿಗೂ ಲೆಕ್ಕ ಗೊತ್ತಿತ್ತು. ಮಾಡಲು ಮನಸ್ಸು ಬರಲಿಲ್ಲ.

ದುರಾಸೆ ಒಳಗೆ ಬರುವುದು ಅಲ್ಲಿ ಅಂತ ನನಗೆ ಅನ್ನಿಸುತ್ತದೆ. ಮೊದಲ 5 ಲಕ್ಷ ಕೊಟ್ಟ ದಿನ ಮೇಷ್ಟ್ರಲ್ಲಿ ದುರಾಸೆ ಇತ್ತು ಅಂತ ನಾನು ಹೇಳುವುದಿಲ್ಲ. ನಂಬಿದ ಹಳೆಯ ಸಹೋದ್ಯೋಗಿ ಹೇಳಿದರು, ಕೊಟ್ಟರು. ಆದರೆ ಮೂರನೇ ತಿಂಗಳಲ್ಲಿ ಅವರ ಮಗ ಫೋನ್ ಮಾಡಿ, "ಅಪ್ಪಾಜಿ, ಅವರು ಆ ದುಡ್ಡಲ್ಲಿ ಏನ್ ವ್ಯಾಪಾರ ಮಾಡ್ತಾರೆ?" ಅಂತ ಕೇಳಿದ್ದನಂತೆ. ಮೇಷ್ಟ್ರಿಗೆ ಸಿಟ್ಟು ಬಂತು. "ನಿನಗ್ಯಾಕೆ ಅದು, ಬರ್ತಿದೆಯಲ್ಲ" ಅಂದರಂತೆ. ಇದನ್ನು ಅವರೇ ನನಗೆ ಹೇಳಿದ್ದು, ತಲೆ ತಗ್ಗಿಸಿಕೊಂಡು.

ರೊಟ್ಟಿ ಅಕ್ಕನಿಗೆ ನಾನು ಹತ್ತು ಪ್ರಶ್ನೆ ಕೇಳಿದೆ. ಮಷೀನ್ ಕೆಟ್ಟರೆ? ಜೋಳದ ರೇಟು ಏರಿದರೆ? ಕೆಲಸದವರು ಬಿಟ್ಟರೆ? ಒಂದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಎರಡಕ್ಕೆ ಉತ್ತರ ಇರಲಿಲ್ಲ, "ಕೇಳ್ಕೊಂಡು ಬರ್ತೀನಿ" ಅಂತ ಹೋಗಿ ಒಂದು ವಾರ ಬಿಟ್ಟು ಬಂದರು. ಈಗ ನಾನು ಯಾರ ಜೊತೆ ಕೂತರೂ ಇದನ್ನೇ ಗಮನಿಸುತ್ತೇನೆ. ಲೆಕ್ಕ ಕೇಳಿದರೆ ಖುಷಿಯಾಗುತ್ತಾರಾ, ಸಿಡುಕುತ್ತಾರಾ? ಎಷ್ಟು ಆದರೆ ಸಾಕು ಅಂದರೆ ಒಂದು ಸಂಖ್ಯೆ ಹೇಳುತ್ತಾರಾ? ಅಕ್ಕ 2,000 ಅಂದಿದ್ದರು, ಯಾಕೆ 2,000 ಅಂತಲೂ ಹೇಳಿದ್ದರು. ಮೇಷ್ಟ್ರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಯಾರೂ ಕೇಳಲಿಲ್ಲ, ನಾನೂ ಸೇರಿ. ಆ ವರ್ಷ ಅವರ ರಿಟರ್ನ್ ತುಂಬಿದವನು ನಾನೇ. ಆ ಬಡ್ಡಿಯ ವಿಷಯ ಅವರು ಹೇಳಿರಲಿಲ್ಲ ನಿಜ, ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ತರಿಸಿ ನೋಡಬೇಕಿತ್ತು. ಆ ನೋವು ನನಗಿದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಹೀಗೆ ದುಡ್ಡು ಕೊಟ್ಟವರೆಲ್ಲ ದುರಾಸೆಯವರು ಅಂತ ದಯವಿಟ್ಟು ಅನ್ನಬೇಡಿ. ಪಿಂಚಣಿ ಇಲ್ಲದ ಒಬ್ಬ ಅಜ್ಜಿಗೆ ಎಫ್‌ಡಿ ಬಡ್ಡಿಯಲ್ಲಿ ಔಷಧದ ಖರ್ಚು ತೂಗುವುದಿಲ್ಲ. ಪಕ್ಕದ ಮನೆಯವರು ಮೂರು ರೂಪಾಯಿ ಬಡ್ಡಿ ಅಂದಾಗ ಆಕೆ ಕೈಚಾಚುವುದು ಕಷ್ಟಕ್ಕೆ. ಅಂಥವರಿಗೆ ಬೈದರೆ ಮುಂದಿನ ಸಲ ಅವರು ಯಾರಿಗೂ ಹೇಳದೆ ಕೊಡುತ್ತಾರೆ. ಹೊರಗಿನಿಂದ ನೋಡಿದರೆ ದುರಾಸೆ, ಕಷ್ಟ ಎರಡೂ ಒಂದೇ ತರ ಕಾಣುತ್ತವೆ. ಪಕ್ಕದಲ್ಲಿ ಕೂತು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಈಗ ಹುಡುಗರು ಬೇರೆ ದಾರಿ ಹಿಡಿದಿದ್ದಾರೆ. ಫೋನಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್. ಅಂದರೆ ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಅಂದಾಜು ಮಾಡಿ ದುಡ್ಡು ಹಾಕುವುದು. ಅದು ಕಾನೂನಿನ ಪ್ರಕಾರವೇ ನಡೆಯುವ ಮಾರುಕಟ್ಟೆ, ಮೋಸದ ಸ್ಕೀಮ್ ಜೊತೆ ಸೇರಿಸಿ ಮಾತಾಡುವುದು ಸರಿಯಲ್ಲ. ಆದರೆ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ನೋಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಶ. ಹಾಗೆ ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಆಟ ಬಿಡಲಿಲ್ಲ. "ಹೋದದ್ದನ್ನ ಅಲ್ಲೇ ತೆಗೀಬೇಕು ಅಂಕಲ್" ಅಂತ ನನ್ನ ಎದುರೇ ಒಬ್ಬ ಹುಡುಗ ಹೇಳಿದ. ಅವನಿಗೆ ಒಳ್ಳೆಯ ಕೆಲಸ ಇದೆ. ಮನೆ ಕಟ್ಟಬೇಕು ಅಂತ ಶುರು ಮಾಡಿದ್ದ. ಈಗ ಮನೆಯ ಮಾತೇ ಇಲ್ಲ.

ದುಡ್ಡು ಕೊಡುವ ಮೊದಲು ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ಆ ಕಂಪನಿಗೆ ಠೇವಣಿ ತೆಗೆದುಕೊಳ್ಳುವ ಅನುಮತಿ ಇದೆಯಾ ನೋಡಿ. ಬರೀ ನೋಂದಣಿ ಸರ್ಟಿಫಿಕೇಟ್ ತೋರಿಸಿದರೆ ಸಾಲದು. ಕಂಪನಿ ನೋಂದಣಿ ಬೇರೆ, ಠೇವಣಿ ಪಡೆಯುವ ಅನುಮತಿ ಬೇರೆ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಯಿಂದ. ಇಂಥ ಕಂಪನಿಗಳಲ್ಲಿ ಅದಿಲ್ಲ.

ಈಗಾಗಲೇ ಕೊಟ್ಟು ಕೂತಿದ್ದರೆ ಏಜೆಂಟ್‌ನ "ಇನ್ನೊಂದು ವಾರ" ಕೇಳುತ್ತಾ ಕಾಯಬೇಡಿ. ಠೇವಣಿದಾರರ ಹಿತಕ್ಕೆ ಕರ್ನಾಟಕದ್ದೇ 2004ರ ಕಾಯ್ದೆ ಇದೆ, ಕಂಪನಿಯ ಆಸ್ತಿ ಜಪ್ತಿ ಮಾಡಲು ಅವಕಾಶವಿದೆ. ಅನುಮತಿಯಿಲ್ಲದೆ ಠೇವಣಿ ಪಡೆಯುವುದನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ 2019ರಿಂದ ಇದೆ. ಪೂರ್ತಿ ದುಡ್ಡು ವಾಪಸ್ ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ವಕೀಲರನ್ನು ಕೇಳಿ. ಆದರೆ ದೂರು ಕೊಡದವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ ಅನ್ನುವುದು ನೆನಪಿರಲಿ. ಬಾಂಡ್ ಪೇಪರ್, ರಶೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಏಜೆಂಟ್ ಕಳಿಸಿದ ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಕೊಡುವಾಗ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ.

ಮೇಷ್ಟ್ರ ದೂರಿನ ಜೊತೆ ಆ ನೋಟ್‌ಬುಕ್ಕಿನ ಜೆರಾಕ್ಸೂ ಹೋಗಿದೆ. ನೋಟ್‌ಬುಕ್ ಮಾತ್ರ ನನ್ನ ಆಫೀಸಿನ ಬೀರುವಿನಲ್ಲಿದೆ. ವಾಪಸ್ ಕೊಡಲು ಹೋದಾಗ, "ಮನೇಲಿ ಇಟ್ಕೊಳ್ಳೋಕೆ ಆಗಲ್ಲ ಆಡಿಟರೇ, ನಿಮ್ಮ ಹತ್ರಾನೇ ಇರ್ಲಿ" ಅಂದರು. ಒಡವೆ ಸಾಲದ ಬಡ್ಡಿ ಕಟ್ಟಲು ಈಗ ಸಂಜೆ ಹೊತ್ತು ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾರೆ.