ಸೀಳಿ ಎಳೆದ ತಗಡು

ರೇಷನ್ ಅಂಗಡಿಯ ಕಿಟಕಿಗೋ ಹಳೇ ಗೋದಾಮಿನ ಬಾಗಿಲಿಗೋ ಹೊಡೆದಿರುವ ಡೈಮಂಡ್ ಕಣ್ಣಿನ ಕಬ್ಬಿಣದ ಜಾಲರಿ ನೋಡಿರುತ್ತೀರಿ. ತಂತಿ ಹೆಣೆದು ಮಾಡಿದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹತ್ತಿರ ಹೋಗಿ ಎರಡು ಎಳೆ ಕೂಡುವ ಜಾಗ ನೋಡಿ. ಒಂದರ ಮೇಲೊಂದು ಹಾದಿಲ್ಲ. ಗಂಟಿಲ್ಲ, ವೆಲ್ಡಿಂಗ್ ಗುರುತೂ ಇಲ್ಲ. ಇಡೀ ಜಾಲರಿ ಒಂದೇ ತಗಡು! ಬೆರಳಾಡಿಸಿದರೆ ಅಂಚು ಚುರ್ ಅನ್ನುತ್ತದೆ, ಯಾಕೆಂದರೆ ಪ್ರತಿ ಎಳೆಯೂ ಸ್ವಲ್ಪ ಓರೆಯಾಗಿ ತಿರುಗಿ ನಿಂತಿರುತ್ತದೆ.

ಇದಕ್ಕೆ ಅಮೆರಿಕದ ಜಾನ್ ಫ್ರೆಂಚ್ ಗೋಲ್ಡಿಂಗ್ 1884ರಲ್ಲಿ ಪೇಟೆಂಟ್ ಪಡೆದರು. ತಗಡಿಗೆ ಸಾಲುಸಾಲಾಗಿ ಸೀಳು ಹಾಕಬೇಕು. ಒಂದು ಸಾಲಿನ ಸೀಳು ಮುಗಿಯುವ ಕಡೆ ಪಕ್ಕದ ಸಾಲಿನ ಸೀಳಿನ ನಡುಭಾಗ ಬರಬೇಕು. ಆಮೇಲೆ ಅಡ್ಡಕ್ಕೆ ಎಳೆಯಬೇಕು, ಅಷ್ಟೇ. ಒಂದು ಚೂರು ಲೋಹವೂ ಪೋಲಾಗುವುದಿಲ್ಲ.

ದಪ್ಪ ಕಾಗದಕ್ಕೆ ಬ್ಲೇಡಿನಿಂದ ಹೀಗೇ ಸೀಳು ಹಾಕಿ ಎಳೆದು ನೋಡಿ. ಕಾಗದ ರಬ್ಬರಿನ ಹಾಗೆ ಹಿಗ್ಗುವ ವಸ್ತುವಲ್ಲ, ಜಾಸ್ತಿ ಎಳೆದರೆ ಹರಿಯುತ್ತದೆ. ಆದರೂ ಈಗ ಎಷ್ಟೊಂದು ಅಗಲವಾಯಿತು, ಅಲ್ವಾ? ಆ ಅಗಲ ಎಲ್ಲಿಂದ ಬಂತು? ಕಾಗದ ಹಿಗ್ಗಲಿಲ್ಲ, ಬಾಗಿತು. ಸೀಳುಗಳ ನಡುವಿನ ಪಟ್ಟಿಗಳು ತಮ್ಮ ಎರಡು ತುದಿಯಲ್ಲಿ ಬಾಗುತ್ತವೆ. ನಡುಭಾಗ ಸುಮ್ನೆ ಜೊತೆಗೆ ತಿರುಗುತ್ತದೆ. ಪಟ್ಟಿ ಓರೆಯಾದಷ್ಟೂ ಕಣ್ಣು ಅಗಲವಾಗುತ್ತದೆ. ಅದಕ್ಕೆ ತಕ್ಕಂತೆ ಸೀಳಿನ ದಿಕ್ಕಿನಲ್ಲಿ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ. ಕೈ ಬಿಟ್ಟರೆ ಕಾಗದ ಅರ್ಧಂಬರ್ಧ ಹಿಂದಕ್ಕೆ ಬರುತ್ತದೆ. ಮೆದು ಉಕ್ಕು ಹಾಗಲ್ಲ. ಮಿತಿ ದಾಟಿ ಬಾಗಿತೆಂದರೆ ಬಾಗಿದಲ್ಲೇ ನಿಲ್ಲುತ್ತದೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ.

ಜಾಲರಿಗೆ ದೊಡ್ಡ ಗಿರಾಕಿ ಸಿಕ್ಕಿದ್ದು ಗಾರೆ ಕೆಲಸದಲ್ಲಿ. ಯುರೋಪು, ಅಮೆರಿಕದ ಮನೆಗಳಲ್ಲಿ ಆಗ ಮರದ ಪಟ್ಟಿ ಹೊಡೆದು ಅದರ ಮೇಲೆ ಗಾರೆ ಮೆತ್ತುತ್ತಿದ್ದರು. ಮರ ತೇವಕ್ಕೆ ಉಬ್ಬುತ್ತದೆ, ಬೆಂಕಿಗೆ ಉರಿಯುತ್ತದೆ. ಲೋಹದ ಜಾಲರಿಗೆ ಆ ರಗಳೆ ಇಲ್ಲ. ಗಾರೆ ಕಣ್ಣಿನೊಳಗೆ ತೂರಿ, ಹಿಂದೆ ಹರಡಿ, ಓರೆ ಎಳೆಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ಪ್ಲಾಸ್ಟರ್ ಬಿರುಕು ಬಿಡದಿರಲಿ ಅಂತ ಮೇಸ್ತ್ರಿಗಳು ಚಿಕನ್ ಮೆಶ್ ಹೊಡೆಯುತ್ತಾರಲ್ಲ, ಕೆಲಸ ಹೆಚ್ಚುಕಮ್ಮಿ ಅದೇ. ಆದರೆ ಚಿಕನ್ ಮೆಶ್ ತಿರುಚಿದ ತಂತಿಯದು, ಜಾತಿ ಬೇರೆ.

ಈಗ ಆಸ್ಪತ್ರೆಗೆ ಬರೋಣ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳದೊಳಗೆ ಪುಟ್ಟ ಬಲೂನು ತೂರಿಸಿ, ಉಬ್ಬಿಸಿ, ಕಿರಿದಾದ ಜಾಗವನ್ನು ಹಿಗ್ಗಿಸಿದರು. ಎದೆ ತೆರೆಯುವ ಆಪರೇಷನ್ ಬೇಕಾಗಲಿಲ್ಲ. ಆದರೆ ಬಲೂನು ಹೊರತೆಗೆದ ಮೇಲೆ ಎಷ್ಟೋ ಜನರಲ್ಲಿ ನಾಳ ಮತ್ತೆ ಕುಗ್ಗುತ್ತಿತ್ತು. 1978ರಲ್ಲಿ ಗ್ರುಂಟ್ಸಿಗ್ ಅವರ ಭಾಷಣ ಕೇಳಿದವರಲ್ಲಿ ಹುಲಿಯೊ ಪಾಲ್ಮಾಸ್ ಕೂಡ ಒಬ್ಬರು. ಅರ್ಜೆಂಟೀನಾದಿಂದ ಅಮೆರಿಕಕ್ಕೆ ಬಂದ ರೇಡಿಯಾಲಜಿಸ್ಟ್. ಒಳಗೆ ಏನಾದರೂ ಆಸರೆ ಕೊಟ್ಟರೆ ನಾಳ ಕುಗ್ಗಲಾರದು ಎಂದು ಅವರಿಗೆ ಹೊಳೆಯಿತು.

ಮೊದಲು ತಂತಿ ಹೆಣೆದು, ಅಡ್ಡ ಹಾಯುವ ಕಡೆಯೆಲ್ಲ ಬೆಸುಗೆ ಹಾಕಿ ನೋಡಿದರು. ಸರಿಬರಲಿಲ್ಲ. ತಂತಿಯ ಮೇಲೆ ತಂತಿ ಬಂದ ಕಡೆ ದಪ್ಪ ದುಪ್ಪಟ್ಟಾಗುತ್ತದೆ. ರಕ್ತ ಹರಿಯುವ ದಾರಿಯಲ್ಲಿ ಅಂಥ ಉಬ್ಬು ಯಾರಿಗೂ ಬೇಡ. ಉತ್ತರ ಸಿಕ್ಕಿದ್ದು ಮನೆಯ ಗ್ಯಾರೇಜಿನಲ್ಲಿ. ಕೆಲಸದವರು ಬಿಟ್ಟುಹೋಗಿದ್ದ ಗಾರೆ ಜಾಲರಿಯ ತುಂಡು ಅಲ್ಲಿ ಬಿದ್ದಿತ್ತು. ಅದೇ ಗೋಲ್ಡಿಂಗ್ ಜಾಲರಿ, ಒಂದೇ ಪದರ.

ಪಾಲ್ಮಾಸ್ ಮಾಡಿದ್ದಿಷ್ಟು: ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕೊಳವೆ ತಗೊಂಡರು. ಅದರ ಉದ್ದಕ್ಕೂ ಬಿಟ್ಟುಬಿಟ್ಟು ಸೀಳು ಹಾಕಿದರು. ಮಡಚಿದ ಬಲೂನಿನ ಮೇಲೆ ಅದನ್ನು ಕೂರಿಸಿದರು. ಬಲೂನು ಉಬ್ಬಿದಾಗ ಸೀಳುಗಳು ಡೈಮಂಡ್ ಆಗುತ್ತವೆ. ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಕೊಳವೆ ಮೂರು ಮಿಲಿಮೀಟರ್ ಮೀರಿ ಅಗಲವಾಗುತ್ತದೆ. ಬಲೂನು ಕುಗ್ಗಿಸಿ ಹೊರತೆಗೆದರೂ ಕೊಳವೆ ಅಲ್ಲೇ ನಿಲ್ಲುತ್ತದೆ. ಉಕ್ಕು ಮಿತಿ ದಾಟಿ ಬಾಗಿ ಆಗಿದೆಯಲ್ಲ!

ನಾಳದೊಳಗೆ ನಿಲ್ಲುವ ಇಂಥ ಕೊಳವೆಗೇ ಸ್ಟೆಂಟ್ ಅನ್ನುವುದು. ಸ್ಟೆಂಟ್ ಅಂದರೆ ಸ್ಪ್ರಿಂಗು, ಅದು ಬ್ಲಾಕೇಜನ್ನು ತೆಗೆದುಹಾಕುತ್ತದೆ ಅನ್ನುವವರು ಇನ್ನೂ ಇದ್ದಾರೆ. ಪಾಲ್ಮಾಸ್ ಸ್ಟೆಂಟಿನ ಮಟ್ಟಿಗೆ ಎರಡೂ ತಪ್ಪು. ಕೊಬ್ಬು ಎಲ್ಲೂ ಹೋಗುವುದಿಲ್ಲ, ಗೋಡೆಗೆ ಒತ್ತಿಕೊಂಡು ಅಲ್ಲೇ ಇರುತ್ತದೆ. ಮಾತ್ರೆ ಬಿಡಬೇಡಿ ಅಂತ ಡಾಕ್ಟರು ಗದರುವುದು ಸುಮ್ನೆ ಅಲ್ಲ. ತಾನಾಗಿ ಹಿಗ್ಗುವ ಸ್ಪ್ರಿಂಗಿನಂಥ ಸ್ಟೆಂಟುಗಳೂ ಉಂಟು. ಅವನ್ನು ಹೆಚ್ಚಾಗಿ ಕಾಲು, ಕುತ್ತಿಗೆಯ ನಾಳಗಳಿಗೆ ಹಾಕುತ್ತಾರೆ. ಅಲ್ಲಿ ಹೊರಗಿನಿಂದ ಒತ್ತಡ ಬಿದ್ದರೆ ಪಾಲ್ಮಾಸ್ ಮಾದರಿ ಚಪ್ಪಟೆಯಾಗಿ ಹಾಗೇ ಉಳಿದುಬಿಡಬಹುದು.

ಪಾಲ್ಮಾಸ್ ಅವರಿಗೆ ಪೇಟೆಂಟ್ ಬಂದದ್ದು 1988ರಲ್ಲಿ. ಔಷಧಿ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ ಇದನ್ನು ಹೃದಯದ ನಾಳಕ್ಕೆ ಹಾಕಲು ಒಪ್ಪಿದ್ದು 1994ರಲ್ಲಿ. ಈ ಆರು ವರ್ಷದ ಅಂತರವನ್ನು 'ಪೇಟೆಂಟ್ ಪಡೆದ ತೈಲ' ಎಂದು ಜಾಹೀರಾತು ಕೊಡುವವರಿಗೂ ಅದನ್ನು ನಂಬಿ ಕೊಳ್ಳುವವರಿಗೂ ತೋರಿಸಬೇಕು ಅನಿಸುತ್ತದೆ. ಪೇಟೆಂಟ್ ಕಚೇರಿ ಕೇಳುವುದು, ಇದು ಹೊಸತೇ, ಬಲ್ಲವರಿಗೆ ಸುಲಭಕ್ಕೆ ಹೊಳೆಯದಂಥದ್ದೇ, ಬಳಕೆಗೆ ಬರುವಂಥದ್ದೇ ಎಂದು. ನಿಮ್ಮ ಮೊಣಕಾಲು ನೋವು ಹೋಗುತ್ತದೆಯೇ ಎಂದು ಅದು ರೋಗಿಗಳ ಮೇಲೆ ಪರೀಕ್ಷೆ ಮಾಡುವುದಿಲ್ಲ. ಕೆಲವೊಮ್ಮೆ ಹೊಸತೇ ಎಂಬ ಪ್ರಶ್ನೆಯಲ್ಲೇ ಎಡವುತ್ತದೆ. ಅರಿಶಿನದಿಂದ ಗಾಯ ಮಾಯುತ್ತದೆ ಎಂಬುದಕ್ಕೆ ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಿತ್ತು! ನಮ್ಮ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ತಕರಾರು ಹಾಕಿತು, 1997ರಲ್ಲಿ ಅದು ರದ್ದಾಯಿತು. ಗೆದ್ದದ್ದು 'ನಮ್ಮ ಅಜ್ಜಿಗೆ ಗೊತ್ತಿತ್ತು' ಎಂಬ ಮಾತಿನಿಂದಲ್ಲ. ಹಳೆಯ ಗ್ರಂಥ ಮತ್ತು 1953ರ ಒಂದು ವೈದ್ಯಕೀಯ ಪ್ರಬಂಧವೂ ಸೇರಿದಂತೆ ಅಚ್ಚಾದ ದಾಖಲೆಗಳನ್ನು ಮೇಜಿನ ಮೇಲಿಟ್ಟದ್ದರಿಂದ.

ಹಾಗಾದರೆ ಪಾಲ್ಮಾಸ್ ಗಾರೆಯವರ ಜಾಲರಿ ಕದ್ದರೇ? ಇಲ್ಲ. ಗೋಲ್ಡಿಂಗ್ ಪೇಟೆಂಟಿನ ಅವಧಿ ಯಾವತ್ತೋ ಮುಗಿದಿತ್ತು. ಗುಟ್ಟು ಬಿಚ್ಚಿ ಹೇಳು, ಕೆಲವು ವರ್ಷ ನಿನಗೊಬ್ಬನಿಗೇ ಹಕ್ಕು, ಆಮೇಲೆ ಎಲ್ಲರದು, ಇದೇ ತಾನೇ ಪೇಟೆಂಟಿನ ಒಪ್ಪಂದ. ರಕ್ತನಾಳದೊಳಗೆ ಬಲೂನಿನಿಂದ ಹಿಗ್ಗುವ ಸೀಳುಕೊಳವೆ ಮಾತ್ರ ಹೊಸತಾಗಿತ್ತು.

ಹಕ್ಕು ಕೊಂಡ ಜಾನ್ಸನ್ ಅಂಡ್ ಜಾನ್ಸನ್ ಎದುರಾಳಿ ಕಂಪನಿಗಳ ಮೇಲೆ ಕೇಸು ಹಾಕಿತು. ಕೊಳವೆಯ ಗೋಡೆ 'ಬಹುಮಟ್ಟಿಗೆ ಒಂದೇ ದಪ್ಪ' ಇರಬೇಕು ಎಂದು ಪೇಟೆಂಟಿನಲ್ಲಿ ಬರೆದಿತ್ತು. ಎಷ್ಟು ವ್ಯತ್ಯಾಸದವರೆಗೆ 'ಒಂದೇ ದಪ್ಪ' ಅನ್ನಬಹುದು? ಇದರ ಮೇಲೆ ವಕೀಲರು ವರ್ಷಗಟ್ಟಲೆ ವಾದಿಸಿದರು. ಕಡೆಗೆ 2010ರಲ್ಲಿ ಬೋಸ್ಟನ್ ಸೈಂಟಿಫಿಕ್ ತನ್ನ ಮೇಲಿದ್ದ ಸ್ಟೆಂಟ್ ಕೇಸುಗಳ ರಾಜಿಗೆ 172.5 ಕೋಟಿ ಡಾಲರ್ ಒಪ್ಪಿತು. ಬೆಸುಗೆಯ ಉಬ್ಬು ತಪ್ಪಿಸಲು ಹೊರಟ ಗುಣಕ್ಕೆ ಕೋರ್ಟಿನಲ್ಲಿ ಇಷ್ಟು ಬೆಲೆ ಬರುತ್ತದೆಂದು ಯಾರು ಎಣಿಸಿದ್ದರು!

ಇವತ್ತಿನ ಹೃದಯದ ಸ್ಟೆಂಟುಗಳಲ್ಲಿ ಆ ಡೈಮಂಡುಗಳು ಹೆಚ್ಚೇನೂ ಉಳಿದಿಲ್ಲ. ಮುಚ್ಚಿದ ಕಣ್ಣುಗಳ ಕೊಳವೆ ಬಿರುಸು, ನಾಳದ ತಿರುವುಗಳಲ್ಲಿ ಬಳುಕುವುದಿಲ್ಲ. ಈಗ ಅಂಕುಡೊಂಕಿನ ಉಂಗುರಗಳನ್ನು ಅಲ್ಲಲ್ಲಿ ಕೊಂಡಿಯಿಂದ ಜೋಡಿಸುತ್ತಾರೆ. ಬಾಗುವುದು ಮಾತ್ರ ಈಗಲೂ ಎಳೆಗಳ ತುದಿಯ ತಿರುವುಗಳಲ್ಲೇ. ಮೇಲೆ ಔಷಧಿಯ ಲೇಪ ಬಂದಿದೆ, ನಾಳದ ಗೋಡೆ ಬೆಳೆದು ಮತ್ತೆ ಮುಚ್ಚಿಕೊಳ್ಳದಿರಲಿ ಅಂತ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರೀ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಲೇಪ ಇರುವುದಕ್ಕೆ 29,600 ರೂಪಾಯಿ ಎಂದು ಗರಿಷ್ಠ ದರ ಕಟ್ಟಿತು. ನಡುವಿನ 22,340 ರೂಪಾಯಿ ಸೀಳಿದ ಲೋಹದ್ದಲ್ಲ, ಮೇಲಿನ ಆ ತೆಳು ಲೇಪದ್ದು.