ಊರಾಚೆ ಅಗ್ಗದ ಮನೆ ಹಿಡಿದರೆ ದುಡ್ಡು ಉಳಿಯುತ್ತಾ?

ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಮಗುವಿನ ವಯಸ್ಸು ಬೇರೆ ಇರುತ್ತೆ, ಕೆಲಸ ಬೇರೆ ಇರುತ್ತೆ, ಉಳಿದದ್ದೆಲ್ಲ ಅದೇ. ಈ ಸಲದ್ದು ಹೀಗಿದೆ:

“ಮೇಡಂ, ನನಗೆ ದೊಡ್ಡ ನಗರದಲ್ಲಿ ಕೆಲಸ ಸಿಕ್ಕಿದೆ. ಹೆಂಡತಿಯೂ ಅಲ್ಲೇ ಕೆಲಸ ಹುಡುಕುತ್ತಿದ್ದಾಳೆ. ಎರಡು ವರ್ಷದ ಮಗಳಿದ್ದಾಳೆ. ಉಳಿತಾಯ ತೀರಾ ಕಡಿಮೆ. ನಗರದ ಒಳಗಿನ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಊರಾಚೆ ಅಗ್ಗದ ಮನೆ ಹಿಡಿದು ದಿನಾ ಓಡಾಡಿ, ದುಡ್ಡು ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ದುಡ್ಡು ಕೈಯಲ್ಲಿಟ್ಟುಕೊಂಡು ಹೊರಡಬೇಕು?”

ಎಷ್ಟು ದುಡ್ಡು ಅನ್ನುವುದು ಸುಲಭ. ಅದನ್ನು ಮೊದಲು ಮುಗಿಸುತ್ತೇನೆ. ಮನೆಯ ಡಿಪಾಸಿಟ್, ಮೊದಲ ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು, ಇದರ ಮೇಲೆ ಮೂರು ತಿಂಗಳ ಮನೆಖರ್ಚು. ಮೂರು ತಿಂಗಳು ಯಾಕೆ? ಮೊದಲ ಸಂಬಳ ಕೈಗೆ ಬರುವುದು ಒಂದು ತಿಂಗಳು ದುಡಿದ ಮೇಲೆ. ಸೇರಿದ ದಿನಾಂಕ ಹಿಂದುಮುಂದಾದರೆ ಮೊದಲ ತಿಂಗಳದ್ದು ಅರ್ಧ ಸಂಬಳ ಬರಬಹುದು, ಇಲ್ಲವೇ ಮುಂದಿನ ತಿಂಗಳದ್ದರ ಜೊತೆ ಸೇರಿ ಬರಬಹುದು. ಅಷ್ಟರಲ್ಲಿ ಮಗುವಿಗೆ ಒಂದು ಸಲವಾದರೂ ಜ್ವರ ಬರುತ್ತೆ. ಹೊಸ ಜಾಗ, ಹೊಸ ನೀರು, ಡೇ ಕೇರ್‌ನಲ್ಲಿ ಹತ್ತು ಮಕ್ಕಳ ನೆಗಡಿ. ಆ ಖರ್ಚಿಗೆ ಸಾಲ ಮಾಡುವ ಹಾಗಾಗಬಾರದು. ಅಷ್ಟು ದುಡ್ಡು ಇಲ್ಲ ಅಂದರೆ ನೀವೊಬ್ಬರೇ ಮೊದಲು ಹೋಗಿ, ಯಾರ ಜೊತೆಗಾದರೂ ರೂಮು ಹಂಚಿಕೊಂಡು ಎರಡು ತಿಂಗಳು ಇದ್ದು, ಆಮೇಲೆ ಸಂಸಾರ ಕರೆಸಿಕೊಳ್ಳಿ. ಇದರಲ್ಲಿ ಅವಮಾನ ಏನೂ ಇಲ್ಲ. ವಲಸೆ ಹೋಗುವ ಸಂಸಾರಗಳು ತುಂಬಾ ಹಿಂದಿನಿಂದ ಮಾಡಿಕೊಂಡು ಬಂದಿರುವುದೇ ಇದನ್ನು.

ಈಗ ಆ “ಎಲ್ಲರೂ ಹೇಳ್ತಾರೆ” ವಿಷಯಕ್ಕೆ ಬರೋಣ. ನನಗೆ ಬೇಜಾರಾಗುವುದು ಇಲ್ಲಿಯೇ.

ದೂರದ ಮನೆ ಯಾಕೆ ಅಗ್ಗ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಓನರ್ ಒಳ್ಳೆಯವರು ಅಂತಲ್ಲ. ಅಲ್ಲಿಂದ ದಿನಾ ಓಡಾಡುವುದು ಕಷ್ಟ ಅಂತ ಎಲ್ಲರಿಗೂ ಗೊತ್ತಿದೆ, ಹಾಗಾಗಿ ಅಗ್ಗ. ಇದೇನು ಹೊಸ ಸಂಗತಿ ಅಲ್ಲ. 1826ರಲ್ಲೇ ಜರ್ಮನಿಯ ಜಮೀನ್ದಾರ ಯೋಹಾನ್ ಹೈನ್‌ರಿಷ್ ಫೊನ್ ಥ್ಯೂನೆನ್ ಇದನ್ನು ಹೊಲಗಳ ವಿಷಯದಲ್ಲಿ ಹೇಳಿದ್ದ. ಪೇಟೆಯಿಂದ ದೂರ ಹೋದಷ್ಟೂ ಗಾಡಿಯಲ್ಲಿ ಫಸಲು ಸಾಗಿಸುವ ಖರ್ಚು ಜಾಸ್ತಿ, ಅದಕ್ಕೆ ತಕ್ಕ ಹಾಗೆ ಜಮೀನಿನ ಗೇಣಿ ಕಡಿಮೆ. 1964ರಲ್ಲಿ ವಿಲಿಯಂ ಅಲೊನ್ಸೊ ಅನ್ನುವ ಅರ್ಥಶಾಸ್ತ್ರಜ್ಞ ಅದನ್ನೇ ನಗರದ ಮನೆಗಳಿಗೆ ಹೊಂದಿಸಿ ತೋರಿಸಿದ. ಅಂದರೆ ನೀವು ಕಂಡುಹಿಡಿದೆ ಅಂದುಕೊಂಡಿರುವ ಉಳಿತಾಯವನ್ನು ಮಾರುಕಟ್ಟೆ ನಿಮಗಿಂತ ಮೊದಲೇ ಲೆಕ್ಕ ಹಾಕಿ ಮುಗಿಸಿದೆ. ಬಾಡಿಗೆಯಲ್ಲಿ ಬಿಟ್ಟದ್ದನ್ನು ದಾರಿಯಲ್ಲಿ ವಸೂಲು ಮಾಡುತ್ತೆ.

ಒಬ್ಬರೇ ಓಡಾಡುವ ಮನೆಗೆ ಇದು ಸರಿಸಮ ಆಗಬಹುದು. ಚಿಕ್ಕ ಮಗು ಇದ್ದು ಇಬ್ಬರೂ ದುಡಿಯಬೇಕಾದ ಮನೆಗೆ ಆಗಲ್ಲ. ಯಾಕೆ ಅಂದರೆ ಬಾಡಿಗೆ ಕೊಡುವುದು ಒಂದು ಸಲ, ದಾರಿಯ ಖರ್ಚು ಇಬ್ಬರಿಗೆ. ಮೂರನೆಯದಾಗಿ ಡೇ ಕೇರ್‌ನಲ್ಲಿ ಹೆಚ್ಚುವರಿ ಗಂಟೆಗಳು.

ಲೆಕ್ಕ ಮಾಡೋಣ. ಒಂದು ಹಾಳೆ ತಗೊಳ್ಳಿ, ನಡುವೆ ಗೀಟು ಎಳೆಯಿರಿ. ಇಬ್ಬರ ಸಂಬಳ ಸೇರಿ 100 ಅಂತ ಇಟ್ಟುಕೊಳ್ಳಿ, ನಿಮ್ಮದು 60, ಅವರದು 40. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ಹಾಕಿ ಇದೇ ಲೆಕ್ಕ ಮಾಡಿ.

ಎಡಗಡೆ ದೂರದ ಮನೆ. ಬಾಡಿಗೆ 24. ಇಬ್ಬರ ಓಡಾಟಕ್ಕೆ 16. ಡೇ ಕೇರ್‌ಗೆ 15, ಸಂಜೆ ತಡವಾಗುವುದಕ್ಕೆ ಇನ್ನೊಂದು 4. ಉಳಿಯುವುದು 41.

ಬಲಗಡೆ ಕೆಲಸದ ಹತ್ತಿರದ ಚಿಕ್ಕ ಮನೆ. ಬಾಡಿಗೆ 36. ಓಡಾಟಕ್ಕೆ 3. ಡೇ ಕೇರ್‌ಗೆ 15. ಉಳಿಯುವುದು 46.

ಇಷ್ಟಕ್ಕೇ ದೂರದ ಮನೆ ಸೋತಿತು. ಆದರೆ ನಾನು ಹೇಳಬೇಕೆಂದಿದ್ದು ಇದಲ್ಲ, ಮುಂದಿನದು. ಎಷ್ಟೋ ಮನೆಗಳಲ್ಲಿ ಆರೇಳು ತಿಂಗಳಾಗುವಷ್ಟರಲ್ಲಿ ಹೆಂಡತಿ ಕೆಲಸ ಬಿಡುತ್ತಾಳೆ. ಯಾರೂ ಬಿಡು ಅಂತ ಹೇಳಿರುವುದಿಲ್ಲ. ಡೇ ಕೇರ್ ಬಾಗಿಲು ಹಾಕುವ ಹೊತ್ತಿಗೆ ಅವಳ ಬಸ್ಸು ಇನ್ನೂ ಅರ್ಧ ದಾರಿಯಲ್ಲಿರುತ್ತೆ, ಅಷ್ಟೆ. ಆಗ ಹಾಳೆಯ ಎಡಗಡೆ ಏನಾಗುತ್ತೆ ನೋಡಿ. ಸಂಬಳ 60. ಬಾಡಿಗೆ ಅದೇ 24. ನಿಮ್ಮೊಬ್ಬರ ಓಡಾಟ 8. ಡೇ ಕೇರ್ ಇಲ್ಲ. ಉಳಿಯುವುದು 28. ಬಲಗಡೆ ಇದ್ದದ್ದು 46. ಈ 18ರ ವ್ಯತ್ಯಾಸ ಬಾಡಿಗೆ ಚೀಟಿಯಲ್ಲಿ ಎಲ್ಲೂ ಕಾಣಿಸಲ್ಲ. ಅದಕ್ಕೇ ಜನ ಇನ್ನೂ ಆ ಮಾತನ್ನು ನಂಬುತ್ತಾರೆ. ದೂರದ ಮನೆಯ ನಿಜವಾದ ಬೆಲೆ ಅಂದರೆ ಮನೆಯ ಎರಡನೇ ಸಂಬಳ.

ಇಲ್ಲಿಗೆ ಬಂದಾಗ ಯಾರಾದರೂ ಕೈ ಎತ್ತೇ ಎತ್ತುತ್ತಾರೆ: “ಬಾಡಿಗೆ ಸಂಬಳದ ಮೂವತ್ತು ಪರ್ಸೆಂಟ್ ದಾಟಬಾರದು ಅಂತಾರಲ್ಲ ಮೇಡಂ, ನೀವು 36 ಹೇಳ್ತಿದ್ದೀರಿ.” ಆ ಮೂವತ್ತು ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಬಡವರಿಗಾಗಿ ಸರ್ಕಾರ ಕಟ್ಟಿದ ಮನೆಗಳಿವೆ. ಅಲ್ಲಿನವರ ಆದಾಯದಲ್ಲಿ ಬಾಡಿಗೆ ಎಷ್ಟನ್ನು ಮೀರಬಾರದು ಅಂತ 1969ರಲ್ಲಿ ಒಂದು ಕಾನೂನು ಮಾಡಿದರು. ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ ಅದು. ಆಗ ಇಟ್ಟ ಮಿತಿ 25 ಪರ್ಸೆಂಟ್. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಒಂದು ದೇಶದ ಸರ್ಕಾರಿ ಮನೆಗಳ ಬಾಡಿಗೆ ನಿಯಮ ಹೀಗೆ ಊರೂರು ಸುತ್ತಿ ನಿಮ್ಮ ಮನೆಯ ಶಾಸ್ತ್ರ ಆಗಿ ಕೂತಿದೆ. ಅದೇ ದೇಶದ ಶಿಕಾಗೊ ನಗರದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಅನ್ನುವ ಸಂಸ್ಥೆ, ಬಾಡಿಗೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಮನೆಖರ್ಚು ಓಡಾಟದ ಖರ್ಚು ಎರಡನ್ನೂ ಸೇರಿಸಿ ನೋಡಿ, ಒಟ್ಟು 45 ಪರ್ಸೆಂಟ್ ದಾಟದಿರಲಿ ಅನ್ನುತ್ತೆ. ನಮ್ಮ ಹಾಳೆಯಲ್ಲಿ ಹಾಗೆ ಕೂಡಿಸಿ: ಹತ್ತಿರದ ಮನೆ 39, ದೂರದ್ದು 40. ಬಾಡಿಗೆಯಲ್ಲಿ ಅಷ್ಟು ದೊಡ್ಡದಾಗಿ ಕಂಡ ಅಂತರ ಎಲ್ಲಿ ಹೋಯಿತು?

“ಹಾಸಿಗೆ ಇದ್ದಷ್ಟು ಕಾಲು ಚಾಚು” ಅಂತ ಹಿರಿಯರು ಬುದ್ಧಿ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಹಾಸಿಗೆ ಅಂದರೆ ದುಡ್ಡು ಮಾತ್ರ ಅಲ್ಲ, ಹೊತ್ತೂ ಸೇರಿದೆ. ದೂರದ ಮನೆಯಿಂದ ಹೋಗಲು 90 ನಿಮಿಷ, ಹತ್ತಿರದ್ದರಿಂದ 25 ಅಂತ ಇಟ್ಟುಕೊಳ್ಳಿ. ಹೋಗಿ ಬರಲು ದಿನಕ್ಕೆ 130 ನಿಮಿಷ ಜಾಸ್ತಿ. ತಿಂಗಳಿಗೆ 22 ಕೆಲಸದ ದಿನ ಅಂದರೆ 2,860 ನಿಮಿಷ. 47 ಗಂಟೆ 40 ನಿಮಿಷ. ಒಬ್ಬರಿಗೆ! ದಿನಕ್ಕೆ ಎಂಟು ಗಂಟೆಯ ಹಾಗೆ ಹತ್ತಿರ ಹತ್ತಿರ ಆರು ದಿನದ ದುಡಿಮೆ, ಪ್ರತಿ ತಿಂಗಳೂ, ಸಂಬಳ ಇಲ್ಲದೆ. ಅಭ್ಯಾಸ ಆಗುತ್ತೆ ಬಿಡಿ ಅನ್ನುವವರಿಗೆ ಒಂದು ಮಾತು. ಅಲೊಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಸಾವಿರಾರು ಜನರ ವರ್ಷಗಟ್ಟಲೆ ಮಾಹಿತಿ ಇಟ್ಟುಕೊಂಡು ಇದನ್ನೇ ನೋಡಿದರು. ಬಾಡಿಗೆ ಉಳಿತಾಯವೋ ಒಳ್ಳೆ ಸಂಬಳವೋ ಉದ್ದ ಪ್ರಯಾಣದ ಕಷ್ಟವನ್ನು ತುಂಬಿಕೊಡಬೇಕಿತ್ತು. ತುಂಬಿಕೊಟ್ಟಿರಲಿಲ್ಲ. ದೂರ ಓಡಾಡುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಇದೆ ಅಂತಲೇ ಹೇಳಿದ್ದರು.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. ಪುಸ್ತಕ ಆಮೇಲೆ ಬಂತು. ನಾವೂ ಮೊದಲು ಊರಾಚೆಯೇ ಮನೆ ಮಾಡಿದ್ದೆವು. ಎರಡು ರೂಮು, ಒಳ್ಳೆ ಗಾಳಿ ಬೆಳಕು, ಅಗ್ಗದ ಬಾಡಿಗೆ. ಡೇ ಕೇರ್ ಮನೆಯ ಪಕ್ಕದ ಬೀದಿಯಲ್ಲಿ. ಒಂದು ದಿನ ನಾಲ್ಕೂವರೆಗೆ ಫೋನು ಬಂತು, ಮಗನಿಗೆ ಜ್ವರ ಏರಿದೆ ಅಂತ. ಇಬ್ಬರೂ ಬೇರೆ ಬೇರೆ ಕಡೆಯಿಂದ ಹೊರಟೆವು. ಮೊದಲು ತಲುಪಿದ್ದು ನಾನು, ಏಳು ಗಂಟೆ ದಾಟಿತ್ತು. ಗೇಟಿಗೆ ಬೀಗ ಹಾಕಿತ್ತು. ಮಗುವನ್ನು ನೋಡಿಕೊಳ್ಳುವ ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಮಗ ಅವರ ಹೆಗಲ ಮೇಲೆ ಮಲಗಿದ್ದ, ಅವನ ಕತ್ತಿಗೆ ಒದ್ದೆ ಬಟ್ಟೆ ಸುತ್ತಿದ್ದರು. ಅವರು ಒಂದು ಮಾತೂ ಬೈಯಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು, “ನನ್ನ ಬಸ್ಸು ಹೋಯ್ತು ಕಣಮ್ಮ, ಮನೇಲಿ ಮಕ್ಕಳು ಕಾಯ್ತಿರ್ತವೆ” ಅಂದರು. ನಮ್ಮ ಅಗ್ಗದ ಬಾಡಿಗೆಯ ಬಾಕಿಯನ್ನು ಅವತ್ತು ಅವರ ಮಕ್ಕಳು ಕಟ್ಟಿದ್ದವು. ಎರಡು ತಿಂಗಳಲ್ಲಿ ನಾವು ಒಂದೇ ರೂಮಿನ ಮನೆಗೆ ಬಂದೆವು, ನನ್ನ ಕೆಲಸದಿಂದ ನಡೆದು ಹೋಗುವಷ್ಟು ಹತ್ತಿರ.

“ನನ್ನ ಕೆಲಸದಿಂದ” ಅಂದೆ, ಗಮನಿಸಿ. ಹತ್ತಿರ ಅಂದರೆ ಯಾವುದಕ್ಕೆ ಹತ್ತಿರ ಅಂತ ಯಾರೂ ಕೇಳಲ್ಲ. ನಗರದ ನಡುಭಾಗಕ್ಕಲ್ಲ. ಜಾಸ್ತಿ ಸಂಬಳ ತರುವವರ ಆಫೀಸಿಗೂ ಅಲ್ಲ. ಡೇ ಕೇರ್‌ನಿಂದ ಫೋನು ಬಂದಾಗ ಎದ್ದು ಓಡುವವರು ಯಾರೋ, ಅವರ ಕೆಲಸಕ್ಕೆ ಹತ್ತಿರ ಇರಬೇಕು. ಅದು ನೀವಾದರೆ ನಿಮ್ಮದು, ನಿಮ್ಮ ಹೆಂಡತಿಯಾದರೆ ಅವರದು. ಅವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂತೀರಿ. ಹಾಗಾದರೆ ವರ್ಷದ ಕರಾರು ಬರೆಯಲು ಅವಸರ ಮಾಡಬೇಡಿ. ಮೊದಲು ಕೆಲಸ, ಆಮೇಲೆ ಮನೆ. ಇದಕ್ಕೂ ನೀವೊಬ್ಬರೇ ಮೊದಲು ಹೋಗುವುದು ಒಳ್ಳೆಯದು.

ಊರಾಚೆ ಮನೆ ಸರಿಹೋಗುವ ಸಂದರ್ಭ ಇಲ್ಲವೇ ಇಲ್ಲ ಅಂತಲ್ಲ. ನಿಮ್ಮ ಕೆಲಸವೇ ಆ ಕಡೆ ಇದ್ದರೆ ಸರಿ. ಮಗುವಿನ ಅಜ್ಜಿ ಅಲ್ಲೇ ಪಕ್ಕದಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ಹೋಗಿ, ಅಂಥ ಅಜ್ಜಿಗೆ ಯಾವ ಡೇ ಕೇರೂ ಸಾಟಿಯಿಲ್ಲ. ನೇರ ರೈಲು ಇದ್ದು ನಿಲ್ದಾಣಕ್ಕೆ ನಡೆದು ಹೋಗುವ ಹಾಗಿದ್ದರೂ ಪರವಾಗಿಲ್ಲ. ಕಿಲೋಮೀಟರ್ ಲೆಕ್ಕ ಬೇಡ, ನಿಮಿಷದ ಲೆಕ್ಕ ಇಡಿ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಲ್ಲಿ ಜನ ಓಡಾಟಕ್ಕೆ ಕೊಡುವುದು ದಿನಕ್ಕೆ ಸುಮಾರು ಒಂದು ಗಂಟೆಯೇ ಅಂತ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ದರು. ಕಾಲ್ನಡಿಗೆಯ ಕಾಲದ ಕೋಟೆ ಊರುಗಳು ಹೆಚ್ಚೆಂದರೆ 5 ಕಿಲೋಮೀಟರ್ ಅಗಲ ಇದ್ದದ್ದು ಅದಕ್ಕೇ ಅಂತ ಅವರ ಲೆಕ್ಕ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ನನಗೆ ಈ ಅಳತೆ ಇಷ್ಟ. ಒಂದು ಕಡೆಗೆ 40 ನಿಮಿಷ ದಾಟಿದರೆ ಆ ಮನೆ ಬೇಡ ಅಂತಲೇ ನಾನು ಹೇಳುವುದು.

ಮನೆ ನೋಡಲು ಭಾನುವಾರ ಹೋಗಬೇಡಿ. ದಯವಿಟ್ಟು. ಭಾನುವಾರ ಮಧ್ಯಾಹ್ನ ಯಾವ ಮನೆಯಾದರೂ ಎಲ್ಲದಕ್ಕೂ ಹತ್ತಿರವೇ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಮನೆಯ ಬಾಗಿಲಿಂದ ಹೊರಟು ಕೆಲಸದ ಜಾಗ ಮುಟ್ಟಿ ನೋಡಿ. ಆಮೇಲೆ ಡಿಪಾಸಿಟ್ ಮಾತಾಡಿ.

ಚಿಕ್ಕ ಮನೆ ಅಂತ ಹಿಂಜರಿಯಬೇಡಿ. ಎರಡು ವರ್ಷದ ಮಗುವಿಗೆ ಬೇರೆ ರೂಮು ಬೇಕಿಲ್ಲ, ಅಪ್ಪ ಅಮ್ಮ ಇರುವ ರೂಮು ಬೇಕು. ದೊಡ್ಡ ಸಾಮಾನು ಮಾರಿಬಿಡಿ. ಮಂಚ, ಬೀರು ಸಾಗಿಸುವ ಲಾರಿ ಖರ್ಚಿಗೆ ಅಲ್ಲಿ ಹಳೆಯದು ಸಿಗುತ್ತೆ. ಮಗಳ ಹೊದಿಕೆ, ಅವಳು ಅಂಟಿಕೊಂಡಿರುವ ಆಟಿಕೆ ಮಾತ್ರ ಕೈಚೀಲದಲ್ಲೇ ಇರಲಿ.

ಇನ್ನೊಂದು ವಿಷಯ. ಇದನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಕಾಗದದಲ್ಲಿ “ಮಗಳಿಗೆ ತೊಂದರೆ ಆಗುತ್ತೇನೋ ಅಂತ ಹೆದರಿಕೆ” ಅಂತ ಕೊನೆಯಲ್ಲಿ ಬರೆದಿದ್ದೀರಿ. ಮಗು ದೊಡ್ಡದಾಗಲಿ, ಆಮೇಲೆ ಹೋಗೋಣ ಅಂತ ಅನ್ನಿಸುವುದು ಸಹಜ. ಈ ಬಗ್ಗೆ ಒಂದು ಒಳ್ಳೆಯ ಪುರಾವೆ ಇದೆ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ ತೀರಾ ಬಡ ಕೇರಿಗಳ ಸುಮಾರು 4,600 ಸಂಸಾರಗಳನ್ನು ಲಾಟರಿ ಎತ್ತಿ ಗುಂಪು ಮಾಡಿದರು. ಒಂದು ಗುಂಪಿಗೆ, ಬಡತನ ಕಡಿಮೆ ಇರುವ ಕೇರಿಗೆ ಹೋದರೆ ಬಾಡಿಗೆಗೆ ನೆರವು ಅಂತ ಚೀಟಿ ಕೊಟ್ಟರು. ಎಷ್ಟೋ ವರ್ಷ ಆದ ಮೇಲೆ, 2016ರಲ್ಲಿ ರಾಜ್ ಚೆಟ್ಟಿ, ನೇಥನ್ ಹೆಂಡ್ರೆನ್, ಲಾರೆನ್ಸ್ ಕಟ್ಜ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಆ ಮಕ್ಕಳು ಬೆಳೆದು ಎಷ್ಟು ದುಡಿಯುತ್ತಿದ್ದಾರೆ ಅಂತ ಲೆಕ್ಕ ಪ್ರಕಟಿಸಿದರು. 13 ತುಂಬುವ ಮೊದಲು ಆ ಚೀಟಿ ಹಿಡಿದು ಹೋದ ಮಕ್ಕಳ ಗಳಿಕೆ, ಚೀಟಿ ಸಿಗದ ಗುಂಪಿನ ಮಕ್ಕಳಿಗಿಂತ ಸುಮಾರು 31 ಪರ್ಸೆಂಟ್ ಜಾಸ್ತಿ ಇತ್ತು. ಅದಕ್ಕಿಂತ ದೊಡ್ಡ ವಯಸ್ಸಿನಲ್ಲಿ ಹೋದವರಿಗೆ ಲಾಭ ಇರಲಿಲ್ಲ, ಸ್ವಲ್ಪ ಏಟೇ ಬಿದ್ದಿತ್ತು.

ಇದು ಒಂದೇ ನಗರದೊಳಗೆ ಕೇರಿ ಬದಲಿಸಿದವರ ಕಥೆ, ಹೊಸ ನಗರಕ್ಕೆ ಹೋದವರದ್ದಲ್ಲ. ಹಾಗಾಗಿ ಈ 31 ಅನ್ನು ನಿಮ್ಮ ಮಗಳ ಹಣೆಗೆ ಅಂಟಿಸಬೇಡಿ. ನಾನು ತಗೊಳ್ಳುವುದು ಎರಡು ವಿಷಯ. ಒಂದು, ಜಾಗ ಬದಲಿಸುವ ಏಟು ಚಿಕ್ಕ ಮಕ್ಕಳಿಗೆ ಕಡಿಮೆ. ಎರಡು, ಮಗುವಿನ ಮೇಲೆ ಕೆಲಸ ಮಾಡುವುದು ನಗರದ ಹೆಸರಲ್ಲ, ಅದು ದಿನಾ ಆಡುವ ಬೀದಿ, ಹೋಗುವ ಶಾಲೆ, ಆ ಬೀದಿಯಲ್ಲಿ ಕಳೆಯುವ ವರ್ಷಗಳು. ಮನೆ ನೋಡುವಾಗ ಗೋಡೆಯ ಬಣ್ಣ ನೋಡುವ ಬದಲು ಸಂಜೆ ಐದಕ್ಕೆ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರಾ ನೋಡಿ.

ನಿಮ್ಮ ಮಗಳಿಗೆ ಎರಡು ವರ್ಷ. ಶಾಲೆಯ ವರ್ಷ ಮುಗಿಯಲಿ ಅಂತ ಕಾಯುವ ಅಗತ್ಯ ಇಲ್ಲ. ಆದರೆ ಹೆಂಡತಿ ಕೆಲಸಕ್ಕೆ ಸೇರುವ ದಿನಕ್ಕಿಂತ ಹತ್ತು ದಿನ ಮೊದಲೇ ಅಮ್ಮ ಮಗಳು ಅಲ್ಲಿಗೆ ಬರಲಿ. ಮೊದಲ ದಿನ ಡೇ ಕೇರ್‌ನಲ್ಲಿ ಅಮ್ಮನ ಜೊತೆ ಒಂದು ಗಂಟೆ. ಮೂರನೇ ದಿನ ಅಮ್ಮ ಹೊರಗೆ ಬಾಗಿಲಲ್ಲಿ. ವಾರದ ಕೊನೆಗೆ ಊಟದವರೆಗೆ ಅವಳೊಬ್ಬಳೇ. ಅಳುತ್ತಾಳೆ, ಅಳಲಿ. ಅವಳನ್ನು ನೋಡಿಕೊಳ್ಳುವವರ ಹೆಸರು ಕೇಳಿಟ್ಟುಕೊಳ್ಳಿ, ಅವರ ಬಸ್ಸು ಎಷ್ಟು ಗಂಟೆಗೆ ಅಂತಲೂ ಕೇಳಿ.