ತಗಡಿಗೆ ನಿರಿಗೆ ಹಿಡಿಯುವುದು

ಜೂನ್ ಬಂತೆಂದರೆ ನಮ್ಮ ತಗಡು ಕೆಲಸದ ಶೆಡ್ಡಿನಲ್ಲಿ ಹಳೇ ಜಾವಾ ಬೈಕುಗಳ ಸಾಲು. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಲ್ವಾ, ಅಷ್ಟರೊಳಗೆ ಎಲ್ಲರಿಗೂ ಗಾಡಿ ರೆಡಿ ಆಗಬೇಕು. ಅವನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಎಂಜಿನ್ ಸಾಮಾನು ಹೇಗೋ ಹುಡುಕಿದರೆ ಸಿಗುತ್ತದೆ. ತಗಡಿನ ಸಾಮಾನು ಸಿಗುವುದು ಕಷ್ಟ, ಸಿಕ್ಕರೂ ಸರಿಯಾಗಿ ಕೂರುವುದು ಇನ್ನೂ ಕಷ್ಟ.

ಈ ಸಲ ಒಬ್ಬ ಹುಡುಗ ತಾತನ ಜಾವಾ ತಂದಿದ್ದ. ಮುಂದಿನ ಮಡ್‌ಗಾರ್ಡ್ ತುಕ್ಕು ತಿಂದು ಜರಡಿ ಆಗಿತ್ತು. ಎಲ್ಲಿಂದಲೋ ಒಂದು ಡೂಪ್ಲಿಕೇಟ್ ತರಿಸಿದ್ದ. ಅದು ಟೈರಿನ ಮೇಲೆ ಅಳತೆ ತಪ್ಪಿದ ಟೋಪಿ ಥರ ಕೂತಿತ್ತು. "ಅಣ್ಣಾ, ಹಳೇದನ್ನೇ ನೋಡ್ಕೊಂಡು ಒಂದು ತಗಡು ಬಗ್ಗಿಸಿಕೊಡಿ" ಅಂದ.

ಈ 'ಬಗ್ಗಿಸಿಕೊಡಿ' ಅನ್ನುವ ಮಾತನ್ನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಬಗ್ಗಿಸಿದರೆ ಡಬ್ಬ ಆಗುತ್ತದೆ, ಕೊಳವೆ ಆಗುತ್ತದೆ. ಅವೆಲ್ಲ ಒಂದೇ ದಿಕ್ಕಿಗೆ ಬಾಗುವಂಥವು. ಮಡ್‌ಗಾರ್ಡ್ ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಪೆಟ್ರೋಲ್ ಟ್ಯಾಂಕ್, ಕಾರಿನ ಬಾನೆಟ್, ಅಡುಗೆಮನೆಯ ತಾಮ್ರದ ಕೊಡ, ಎಲ್ಲವೂ ಹಾಗೇ. ಚಪ್ಪಟೆ ತಗಡನ್ನು ಎಷ್ಟು ಬಗ್ಗಿಸಿದರೂ ಈ ಆಕಾರ ಬರುವುದಿಲ್ಲ. ತಗಡು ಕೆಲವು ಕಡೆ ಹಿಗ್ಗಬೇಕು, ಕೆಲವು ಕಡೆ ಕುಗ್ಗಬೇಕು. ನಮ್ಮ ಕೆಲಸ ಅಂದರೆ ಇಷ್ಟೇ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಅಂತ ಗೊತ್ತಾಗುವುದಕ್ಕೆ ಮಾತ್ರ ವರ್ಷಗಟ್ಟಲೆ ಬೇಕು.

ಹುಡುಗನಿಗೆ ಬಾಯಲ್ಲಿ ಹೇಳಲಿಲ್ಲ. ಹಳೇ ಮಡ್‌ಗಾರ್ಡ್ ಮೇಲೆ ಒಂದು ನ್ಯೂಸ್ ಪೇಪರ್ ಹೊದಿಸಿ, ಅಂಗೈಯಿಂದ ಒತ್ತಿ ಕೂರಿಸು ಅಂದೆ. ನೆತ್ತಿಯ ಮೇಲೆ ಚೆನ್ನಾಗಿ ಕೂತಿತು. ಪಕ್ಕಕ್ಕೆ ಇಳಿಯುತ್ತಿದ್ದ ಹಾಗೆ ಸುಕ್ಕು ಶುರು. ಆ ಸುಕ್ಕೇ ನಮಗೆ ನಕ್ಷೆ. ಪೇಪರ್ ಎಲ್ಲಿ ಸುಕ್ಕಾಯಿತೋ ಅಲ್ಲಿ ತಗಡು ಜಾಸ್ತಿ ಇದೆ, ಕುಗ್ಗಿಸಬೇಕು. ಎಲ್ಲಿ ಹರಿಯಿತೋ ಅಲ್ಲಿ ಸಾಲದು, ಹಿಗ್ಗಿಸಬೇಕು. ಮನೆಯಲ್ಲೂ ಒಂದು ಕೊಡದ ಮೇಲೆ ಮಾಡಿ ನೋಡಬಹುದು. ಹೊಟ್ಟೆಯ ಮೇಲೆ ಸುಕ್ಕಾಗುತ್ತದೆ, ಕತ್ತಿನ ಹತ್ತಿರ ಹರಿಯುತ್ತದೆ.

ತೆಗೆದುಕೊಂಡದ್ದು 20 ಗೇಜಿನ ಸಿಆರ್ ಶೀಟು, ಅಂದರೆ ತಣ್ಣಗೇ ಉರುಳಿಸಿ ಮಾಡಿದ ಉಕ್ಕಿನ ತಗಡು, ಸುಮಾರು 0.9 ಮಿಲಿಮೀಟರ್ ದಪ್ಪ. ಎಡ, ಬಲ ಬೇರೆ ಬೇರೆ ಮಾಡಿ ನಡುವೆ ಬೆಸೆಯುವುದು ಅಂತ ತೀರ್ಮಾನ. ಉಬ್ಬಿಸುವುದಕ್ಕೆ ನನ್ನ ಹತ್ತಿರ ಹುಣಸೆ ಮರದ ಒಂದು ಕೊರಡು ಇದೆ. ತಲೆಯ ಮೇಲೆ ಸಾಸರಿನಷ್ಟು ಗುಳಿ. ಪಕ್ಕದಲ್ಲಿ ಮರಳು ತುಂಬಿದ ಚರ್ಮದ ಚೀಲ. ತಗಡನ್ನು ಗುಳಿಯ ಮೇಲಿಟ್ಟು ಮರದ ಕೊಡತಿಯಿಂದ ಬಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ನಡುವೆ ತಗಡು ಹಿಗ್ಗಿ ಇಳಿಯುತ್ತದೆ, ಅಂಚಿನಲ್ಲಿ ಅಲೆ ಅಲೆಯಾಗಿ ಏಳುತ್ತದೆ. ಹೊಸಬರು ಆ ಅಲೆ ನೋಡಿ ಹೆದರುತ್ತಾರೆ, ತಗಡು ಕೆಟ್ಟಿತು ಅಂತ. ಕೆಟ್ಟಿಲ್ಲ. ಪೇಪರಿನಲ್ಲಿ ಕಂಡ ಸುಕ್ಕೇ ಅದು.

ಈಗ ನಿರಿಗೆ. ಸೀರೆಗೆ ನಿರಿಗೆ ಹಿಡಿದರೆ ಅಷ್ಟಗಲದ ಬಟ್ಟೆ ಸೊಂಟದ ಹತ್ತಿರ ಗೇಣಗಲಕ್ಕೆ ಬರುತ್ತದಲ್ಲ, ತಗಡಿಗೂ ಹಾಗೇ. ಎರಡು ಕಡ್ಡಿಯ ಕವಲು ಉಪಕರಣ ಒಂದಿದೆ. ಅದನ್ನು ಅಂಚಿಗೆ ಸಿಕ್ಕಿಸಿ ತಿರುಚಿದರೆ ಒಂದು ನಿರಿಗೆ ಏಳುತ್ತದೆ. ಸೀರೆಯ ನಿರಿಗೆ ಒಂದರ ಮೇಲೊಂದು ಮಡಚಿ ಕೂರುತ್ತದೆ. ತಗಡಿನದು ಮಡಚಿಕೊಂಡರೆ ಮುಗೀತು, ಅಲ್ಲಿ ಬಿರುಕು ಗ್ಯಾರಂಟಿ. ಅದು ಬಿಚ್ಚಿಕೊಳ್ಳಲೂ ಬಾರದು, ಮಡಚಿಕೊಳ್ಳಲೂ ಬಾರದು. ತನ್ನೊಳಗೇ ಇಳಿದು ಕೂರಬೇಕು. ಹಾಗೆ ಬಡಿದು ಕೂರಿಸಿದರೆ ಅಂಚು ಅಷ್ಟು ಗಿಡ್ಡವಾಗುತ್ತದೆ, ಅಲ್ಲಿನ ತಗಡು ಕೂದಲೆಳೆಯಷ್ಟು ದಪ್ಪವಾಗುತ್ತದೆ. ಒಂದು ಬದಿಗೆ ಇಪ್ಪತ್ತಕ್ಕೂ ಜಾಸ್ತಿ ನಿರಿಗೆ ಹಿಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಚಪ್ಪಟೆ ತಗಡು ತಾನಾಗಿಯೇ ಚಕ್ರದ ಸುತ್ತಿಗೆ ತಿರುಗಿತ್ತು. ನಾನು ಬಗ್ಗಿಸಲೇ ಇಲ್ಲ.

ಬಡಿಯುತ್ತಾ ಹೋದಂತೆ ಲೋಹ ಗಡುಸಾಗುತ್ತದೆ. ಕೊಡತಿ ಪುಟಿಯುವ ರೀತಿಯಲ್ಲೇ ಗೊತ್ತಾಗುತ್ತದೆ. ಆಗ ಕಾಯಿಸಿ ಮೆತ್ತಗೆ ಮಾಡಬೇಕು. ತಾಮ್ರ ಸುಲಭ, ಮಂಕು ಕೆಂಪಿಗೆ ಬಂದರೆ ಸಾಕು, ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆ. ಅಲ್ಯೂಮಿನಿಯಂ ಮೋಸಗಾರ. ಕೆಂಪಾಗುವುದೇ ಇಲ್ಲ. 660 ಡಿಗ್ರಿಗೆ ಕರಗುತ್ತದೆ, ಬಣ್ಣದಲ್ಲಿ ಯಾವ ಸುಳಿವೂ ಕೊಡದೆ ಧೊಪ್ಪಂತ ಕೆಳಗೆ ಬೀಳುತ್ತದೆ. ಅದಕ್ಕೇ ಮೊದಲು ಬಟ್ಟೆ ಸೋಪು ಉಜ್ಜುತ್ತೇವೆ. ಸೋಪು ಕಪ್ಪಾದ ಕೂಡಲೇ ಜ್ವಾಲೆ ತೆಗೆಯಬೇಕು. ಮೊದಲ ಸಲ ಅಲ್ಯೂಮಿನಿಯಂ ಟ್ಯಾಂಕ್ ಮಾಡಿದಾಗ ನನ್ನದೂ ಒಂದು ತುಂಡು ನೆಲ ಸೇರಿದೆ.

ಅದಕ್ಕಿಂತ ದೊಡ್ಡ ಎಡವಟ್ಟು ಕಲಿಯುವ ದಿನಗಳದ್ದು. ಒಂದು ಅಂಬಾಸಿಡರ್ ಬಂದಿತ್ತು, ಬಾಗಿಲಿನ ನಡುವೆ ತೆಂಗಿನಕಾಯಿ ಬಿದ್ದಷ್ಟು ನೆಗ್ಗು. ಉಸ್ತಾದ್ ಟೀಗೆ ಹೋಗಿದ್ದರು. ಶಹಬ್ಬಾಸ್ ಅನ್ನಿಸಿಕೊಳ್ಳೋಣ ಅಂತ ಒಳಗಿನಿಂದ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಒತ್ತಿ ಹಿಡಿದು, ಮೇಲಿಂದ ಸುತ್ತಿಗೆಯಲ್ಲಿ ಟಣ್ ಟಣ್ ಅಂತ ಬಡಿದೆ. ನೆಗ್ಗು ಹೋಯಿತು. ಬಾಗಿಲು ಮಾತ್ರ ಎಣ್ಣೆ ಡಬ್ಬದ ತಳ ಆಯಿತು. ಒತ್ತಿದರೆ ಟಪ್ ಅಂತ ಒಳಗೆ, ಬಿಟ್ಟರೆ ಟಪ್ ಅಂತ ಹೊರಗೆ. ಸುತ್ತಿಗೆ ಮತ್ತು ಡಾಲಿಯ ನಡುವೆ ಸಿಕ್ಕಿದ ತಗಡು ಪ್ರತಿ ಪೆಟ್ಟಿಗೂ ಚಪಾತಿ ಥರ ತೆಳುವಾಗಿ ಹಿಗ್ಗಿತ್ತು. ಸುತ್ತಲಿನ ತಗಡು ಬಿಡುತ್ತಿಲ್ಲ, ಹಿಗ್ಗಿದ್ದು ಹೋಗುವುದಾದರೂ ಎಲ್ಲಿಗೆ?

ಉಸ್ತಾದ್ ಬಂದು ಬೈಯಲಿಲ್ಲ. "ಏಯ್, ಸುತ್ತಿಗೆ ಕೆಳಗಿಡು. ಮೊದ್ಲು ಕೈ ಆಡ್ಸು" ಅಂದರು. ಆಮೇಲೆ ತೋರಿಸಿದರು. ನೆಗ್ಗಿನ ಸುತ್ತ ಒಂದು ಏರು ಎದ್ದಿರುತ್ತದೆ, ಗಡುಸಾಗಿ ನೆಗ್ಗನ್ನು ಹಿಡಿದಿಟ್ಟಿರುವುದು ಅದೇ. ಡಾಲಿಯನ್ನು ತಗ್ಗಿನ ಕೆಳಗೆ ಒತ್ತಿ ಹಿಡಿದು, ಪೆಟ್ಟನ್ನು ಪಕ್ಕದ ಏರಿನ ಮೇಲೆ ಹಗುರಾಗಿ ಹಾಕಬೇಕು. ಟಣ್ ಅಲ್ಲ, ದಪ್ ಅನ್ನುವ ಸದ್ದು ಬರಬೇಕು. ಏರು ಇಳಿದ ಹಾಗೆ ತಗ್ಗು ತಾನೇ ಏಳುತ್ತದೆ. ನೆಗ್ಗಿಗೆ ಹೊಡೆಯುವ ಅಗತ್ಯವೇ ಬಹಳ ಸಲ ಇರುವುದಿಲ್ಲ.

ನಾನು ಹಿಗ್ಗಿಸಿದ್ದನ್ನು ಅವರು ಬೆಂಕಿಯಿಂದ ಕುಗ್ಗಿಸಿದರು. ಎಂಟಾಣೆಯಷ್ಟು ಜಾಗವನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸುವುದು. ಬಿಸಿಯಾದ ತಗಡು ಹಿಗ್ಗಬೇಕು, ಸುತ್ತಲಿನ ತಣ್ಣಗಿನ ತಗಡು ಬಿಡುವುದಿಲ್ಲ. ಆಗ ಮೊಡವೆ ಥರ ಉಬ್ಬುತ್ತದೆ. ನಾಲ್ಕು ಹಗುರ ಪೆಟ್ಟು, ಒದ್ದೆ ಬಟ್ಟೆ, ಚುಯ್ಯ್. ತಣಿಯುತ್ತಾ ಸುತ್ತಲಿನದನ್ನು ಎಳೆದುಕೊಳ್ಳುತ್ತದೆ. ಹಾಗೆ ಹನ್ನೊಂದು ಚುಕ್ಕೆ ಇಟ್ಟ ಮೇಲೆ ಬಾಗಿಲು ಟಪ್ ಅನ್ನುವುದನ್ನು ನಿಲ್ಲಿಸಿತು. ನನ್ನ ಆ ವಾರದ ಸಂಬಳವೂ ನಿಂತಿತು.

ಇದನ್ನೆಲ್ಲ ಬಿಟ್ಟು ನೆಗ್ಗಿನ ಮೇಲೆ ಪುಟ್ಟಿ ಮೆತ್ತಿ ಉಜ್ಜಿದರೆ ಅರ್ಧ ದಿನದ ಕೆಲಸ. ತೆಳುವಾಗಿ ಎಳೆದರೆ ನನ್ನ ತಕರಾರಿಲ್ಲ, ನಾನೂ ಎಳೆಯುತ್ತೇನೆ. ಬೆರಳು ದಪ್ಪ ಮೆತ್ತಿದರೆ ಅದು ಒಂದು ದಿನ ಹಪ್ಪಳದಂತೆ ಎದ್ದು ಬರುತ್ತದೆ. ಹಳೇ ಕಾರು ಕೊಳ್ಳುವಾಗ ಒಂದು ಚಿಕ್ಕ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಮೈಮೇಲೆಲ್ಲ ಆಡಿಸಿ. ಎಲ್ಲಿ ಜಾರಿ ಬೀಳುತ್ತದೋ ಅಲ್ಲಿ ಕೇಳಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ಬೇರೆಯದೇ ವಿಂಟೇಜ್ ನೋಂದಣಿ ಇದೆ, ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಈಗ ಪುಟ್ಟಿಗಿಂತ ತಗಡು ಕೇಳುವವರು ಸ್ವಲ್ಪ ಜಾಸ್ತಿ ಆಗಿದ್ದಾರೆ.

ದೇವರಿಗೆ ಬೆಳ್ಳಿ ಕವಚ ಮಾಡುವವರ ಕೆಲಸ ನೋಡಲು ನಾನು ಆಗಾಗ ಬೆಂಗಳೂರಿನ ನಗರ್ತಪೇಟೆ ಕಡೆ ಹೋಗುತ್ತೇನೆ. ಅವರದೂ ಇದೇ ಲೆಕ್ಕ, ಆದರೆ ಹುಣಸೆ ಕೊರಡಿನ ಬದಲು ಅರಗು. ಬಿಸಿ ಮಾಡಿದರೆ ಮೆತ್ತಗಾಗುವ ಆ ಅರಗಿನ ಮೇಲೆ ಬೆಳ್ಳಿ ತಗಡು ಕೂರಿಸಿ, ಹಿಂದಿನಿಂದ ಉಬ್ಬಿಸಿ, ತಿರುಗಿಸಿ ಮುಂದಿನಿಂದ ಕಣ್ಣು, ಮೂಗು, ಕಿರೀಟದ ಗೆರೆ ತಟ್ಟುತ್ತಾರೆ. ಮೂಗಿನ ತುದಿಯಲ್ಲಿ ತಗಡು ಜಾಸ್ತಿ ಹಿಗ್ಗುತ್ತದೆ, ತೂತು ಬೀಳುವುದೂ ಅಲ್ಲೇ. ಹಾಗಾಗಿ ಮೂಗನ್ನು ಒಂದೇ ಸಲಕ್ಕೆ ಎತ್ತುವುದಿಲ್ಲ. ಸ್ವಲ್ಪ ಎತ್ತಿ, ಕಾಯಿಸಿ, ಮತ್ತೆ ಎತ್ತುವುದು. ಅಲ್ಲಿಂದ ಬಂದ ಮೇಲೆ ಎರಡು ದಿನ ನನ್ನ ಕೈಯೂ ನಿಧಾನ ಆಗಿರುತ್ತದೆ.

ಮಡ್‌ಗಾರ್ಡಿನ ಎರಡು ಹೋಳನ್ನು ಗ್ಯಾಸ್‌ನಲ್ಲೇ ಬೆಸೆದೆ. ಮಿಗ್ ಅನ್ನುವ ಕರೆಂಟ್ ವೆಲ್ಡಿಂಗ್ ಬೇಗ ಆಗುತ್ತದೆ, ಆದರೆ ಅದರ ಬೆಸುಗೆ ಗಡುಸು, ಬಡಿದರೆ ಬಿರುಕು ಬಿಡುತ್ತದೆ. ಗ್ಯಾಸಿನದು ಮೆತ್ತಗೆ. ಬೆಸುಗೆಯ ಗೆರೆ ತಣಿದು ಕುಗ್ಗಿತ್ತು. ಅಲ್ಲಿ ಮಾತ್ರ ಡಾಲಿ ಇಟ್ಟು ಟಣ್ ಟಣ್ ಅಂತ ಹಿಗ್ಗಿಸಿದೆ. ಅಂಬಾಸಿಡರ್ ಬಾಗಿಲು ಹಾಳು ಮಾಡಿದ ಅದೇ ಪೆಟ್ಟು. ಅಂಚಿನೊಳಗೆ ತಂತಿ ಇಟ್ಟು ಮಡಚಿದೆ. ಆಮೇಲೆ ಸೀಮೆಎಣ್ಣೆ ಸವರಿ ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ಬೆಳಕಿನ ಗೆರೆ ಎಲ್ಲಿ ನಡುಗಿತೋ ಅಲ್ಲಿ ಮತ್ತೆ ತಟ್ಟಿದೆ.

ಗುರುವಾರ ಹುಡುಗ ಬಂದು ಕೂರಿಸಿ ನೋಡಿದ. ಟೈರಿಗೂ ಅದಕ್ಕೂ ಸುತ್ತಲೂ ಒಂದೇ ಸಂದು. ಖುಷಿ ಆಯಿತು. ಆಮೇಲೆ ಬಗ್ಗಿ ಒಳಗೆ ಕೈ ಹಾಕಿ, "ಅಣ್ಣಾ, ಇಲ್ಲೆಲ್ಲ ಸುತ್ತಿಗೆ ಗುರುತು ಹಾಗೇ ಇದೆ, ಇದನ್ನೂ ಸಾಫ್ ಮಾಡ್ಕೊಡಿ" ಅಂದ.

"ಆಗಲ್ಲಪ್ಪ" ಅಂದೆ. ಅಲ್ಲಿ ಗ್ರೈಂಡರ್ ಇಟ್ಟರೆ ಇರುವ 0.9ರಲ್ಲೂ ಕಳೆದುಹೋಗುತ್ತದೆ. ಒಳಗಡೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದು ಕಪ್ಪು ಬಳಿದು ಕೊಟ್ಟೆ. ಮಳೆಗಾಲದ ಕೆಸರು ಬಡಿಯುವುದು ಅಲ್ಲಿಗೇ ತಾನೇ.